ಅಕ್ಕನ ಹೆಸರಿಗೆ ತಂಗಿಯ ಬೆರಳು

ಆಧಾರ್ ನೋಂದಣಿ ನಮ್ಮ ಕಡೆಗೆ ಹೊಸದಾಗಿ ಬಂದಾಗ ನಾನು ಅದರ ಆಪರೇಟರ್ ಆಗಿದ್ದೆ. ಪಿಯುಸಿ ಮುಗಿಸಿ, ಆರು ತಿಂಗಳು ಕಂಪ್ಯೂಟರ್ ಕ್ಲಾಸಿಗೆ ಹೋಗಿ, ಒಂದು ಪರೀಕ್ಷೆ ಪಾಸು ಮಾಡಿದ ಮೇಲೆ ಒಂದು ಖಾಸಗಿ ಏಜೆನ್ಸಿ ನನ್ನನ್ನು ಕೆಲಸಕ್ಕೆ ತೆಗೆದುಕೊಂಡಿತು. ನಮ್ಮದು ಸಿಂಗಸಂದ್ರ. ಅಜ್ಜನ ಕಾಲದಿಂದಲೂ ಅಲ್ಲೇ ಇದ್ದವರು ನಾವು. ಸುತ್ತ ಅಪಾರ್ಟ್‌ಮೆಂಟುಗಳು ಎದ್ದಿದ್ದರೂ ಅಮ್ಮ ಹಿತ್ತಲಿನಲ್ಲಿ ಎರಡು ಹಸು ಕಟ್ಟಿಕೊಂಡಿದ್ದಳು. ನಾನು ದಿನಾ ಬೆಳಿಗ್ಗೆ ಹೊಸೂರು ರಸ್ತೆಯಲ್ಲಿ ಬಸ್ಸು ಹಿಡಿದು ಬೊಮ್ಮಸಂದ್ರದಲ್ಲಿ ಇಳಿದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಜಿಗಣಿಗೆ ಹೋಗುತ್ತಿದ್ದೆ. ಅಲ್ಲಿನ ಒಂದು ಶಾಲೆಯ ಎರಡು ಕೋಣೆಗಳಲ್ಲಿ ನಮ್ಮ ಕ್ಯಾಂಪ್ ನಡೆಯುತ್ತಿತ್ತು.

ಕೆಲಸ ಕಷ್ಟದ್ದಲ್ಲ. ಬಂದವರ ಹೆಸರು, ವಿಳಾಸ, ಹುಟ್ಟಿದ ದಿನ ಟೈಪ್ ಮಾಡಬೇಕು. ಫೋಟೋ ತೆಗೆಯಬೇಕು. ಆಮೇಲೆ ಗಾಜಿನ ಹಲಗೆಯಂಥ ಯಂತ್ರದ ಮೇಲೆ ಎಡಗೈಯ ನಾಲ್ಕು ಬೆರಳು, ಬಲಗೈಯ ನಾಲ್ಕು ಬೆರಳು, ಕೊನೆಗೆ ಎರಡೂ ಹೆಬ್ಬೆರಳು ಇಡಿಸಬೇಕು. ದುರ್ಬೀನಿನ ಹಾಗಿದ್ದ ಇನ್ನೊಂದು ಯಂತ್ರವನ್ನು ಕಣ್ಣಿಗೆ ಹಿಡಿಸಿ ಪಾಪೆಯ ಚಿತ್ರ ತೆಗೆಯಬೇಕು. ಎಲ್ಲ ಮುಗಿದ ಮೇಲೆ ನನ್ನದೇ ಹೆಬ್ಬೆರಳನ್ನು ಒಂದು ಚಿಕ್ಕ ಯಂತ್ರದ ಮೇಲೆ ಒತ್ತಬೇಕು. 'ಈ ಮನುಷ್ಯರನ್ನು ನಾನು ನೋಡಿದ್ದೇನೆ, ಈ ಬೆರಳು ಈ ಕಣ್ಣು ಇವರವೇ' ಎಂದು ನಾನು ಸಾಕ್ಷಿ ಹೇಳಿದ ಹಾಗೆ. ತರಬೇತಿಯಲ್ಲಿ ಪಾಠ ಹೇಳಿದವರು ಇದನ್ನು ಮತ್ತೆ ಮತ್ತೆ ಹೇಳಿದ್ದರು. ಎಲ್ಲೋ ದೂರದ ಕಂಪ್ಯೂಟರ್ ಪ್ರತಿಯೊಬ್ಬರ ಬೆರಳನ್ನೂ ದೇಶದ ಉಳಿದೆಲ್ಲರ ಬೆರಳಿನ ಜೊತೆ ಹೋಲಿಸಿ ನೋಡುತ್ತದೆ, ಒಬ್ಬರಿಗೆ ಒಂದೇ ನಂಬರ್, ಎರಡನೇ ಸಲ ಅದೇ ಬೆರಳು ಬಂದರೆ ತಿರಸ್ಕರಿಸುತ್ತದೆ ಎಂದೂ ಹೇಳಿದ್ದರು. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಸರಿಯಾದ ಉತ್ತರಕ್ಕೇ ಗುರುತು ಹಾಕಿದ್ದೆ. ಆದರೆ ಕ್ಯಾಂಪಿನ ಗದ್ದಲದಲ್ಲಿ ಕೂತವಳಿಗೆ ಆ ದೂರದ ಕಂಪ್ಯೂಟರ್ ಯಾವತ್ತೂ ನಿಜ ಅನ್ನಿಸಿರಲಿಲ್ಲ. ಕಣ್ಣೆದುರಿಗೆ ಇದ್ದದ್ದು ಸಾಲು. ಬಾಗಿಲಿನಿಂದ ಹೊರಟು ಶಾಲೆಯ ಅಂಗಳ ದಾಟಿ ಗೇಟಿನವರೆಗೆ.

ಅವತ್ತು ಮಧ್ಯಾಹ್ನ ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಇಬ್ಬರು ಹೆಂಗಸರು ಬಂದರು. ಅಕ್ಕತಂಗಿಯರು, ರಾಯಚೂರಿನ ಕಡೆಯವರು. ದೊಡ್ಡವಳಿಗೆ ಮೂವತ್ತರ ಮೇಲೆ ಇರಬಹುದು. ಗ್ರಾನೈಟ್ ಪಾಲಿಶ್ ಮಾಡುವ ಶೆಡ್ಡಿನಲ್ಲಿ ಅವಳ ಕೆಲಸ. ಚಿಕ್ಕವಳು ಇಪ್ಪತ್ತರ ಒಳಗಿನವಳು, ಊರಿನಿಂದ ಬಂದು ತಿಂಗಳೂ ಆಗಿರಲಿಲ್ಲ. ಎಲ್ಲವನ್ನೂ ಬೆರಗಿನಿಂದ ನೋಡುತ್ತಿದ್ದಳು. ದೊಡ್ಡವಳ ಹೆಸರು, ವಿಳಾಸ, ಫೋಟೋ ಎಲ್ಲ ಸರಾಗವಾಗಿ ಆಯಿತು. ಎಡಗೈ ಇಡಿಸಿದಾಗ ಅಚ್ಚು ಸರಿಯಾಗಿ ಮೂಡದೆ ಪರದೆಯ ಮೇಲೆ ನಾಲ್ಕು ಬೆರಳೂ ಕೆಂಪಾದವು.

"ಗಟ್ಟಿಯಾಗಿ ಒತ್ತಮ್ಮ" ಅಂದೆ.

ಒತ್ತಿದಳು. ಮತ್ತೆ ಕೆಂಪು. ಒದ್ದೆ ಬಟ್ಟೆಯಲ್ಲಿ ಅವಳ ಬೆರಳು ಒರೆಸಿ ಇಡಿಸಿದೆ. ನನ್ನ ಕೈಯನ್ನೇ ಅವಳ ಕೈಯ ಮೇಲೆ ಇಟ್ಟು ಒತ್ತಿದೆ. ಆಗಲೇ ನನಗೆ ಗೊತ್ತಾದದ್ದು, ಅವಳ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಕಲ್ಲು ಉಜ್ಜಿ ಉಜ್ಜಿ, ನೀರು, ಪುಡಿ, ಪಾಲಿಶ್ ಮದ್ದಿನಲ್ಲಿ ಎಲ್ಲ ಸವೆದು ನುಣ್ಣಗಾಗಿದ್ದವು. ಸೀಸದ ಕಡ್ಡಿಯ ತುದಿಗೆ ಇರುವ ರಬ್ಬರಿನ ಹಾಗೆ.

ನಾಲ್ಕು ಸಲ ಪ್ರಯತ್ನ ಮಾಡಿದರೆ ಯಂತ್ರವೇ ಇದ್ದುದರಲ್ಲಿ ಚೆನ್ನಾಗಿರುವುದನ್ನು ಇಟ್ಟುಕೊಂಡು ಮುಂದಕ್ಕೆ ಬಿಡುತ್ತಿತ್ತು. ನಿಯಮ ಇದ್ದದ್ದೂ ಹಾಗೆಯೇ. ಆದರೆ ಕೆಂಪು ಜಾಸ್ತಿ ಬಂದರೆ ನಮ್ಮ ಸೂಪರ್‌ವೈಸರ್ ಸಂಜೆ ಎಲ್ಲರೆದುರಿಗೆ ಬಯ್ಯುತ್ತಿದ್ದ. ಆ ಹೊತ್ತಿಗೆ ಸರಿಯಾಗಿ ಅವನು ನನ್ನ ಹಿಂದೆಯೇ ಬಂದು ನಿಂತ.

"ಏನ್ ಮೇಡಂ, ಒಂದೊಂದಕ್ಕೆ ಅರ್ಧ ಅರ್ಧ ಗಂಟೆ ಮಾಡ್ತಿದ್ದೀರಾ? ಹೊರಗಡೆ ಜನ ನೋಡಿದ್ರಾ? ಕೆಂಪು ಕಳ್ಸಬೇಡಿ, ನಂಗೆ ಮೇಲಿಂದ ಉಗೀತಾರೆ. ಏನಾದ್ರೂ ಮಾಡಿ ಬೇಗ ಮುಗ್ಸಿ" ಅಂದು ಪಕ್ಕದ ಕೋಣೆಗೆ ಹೋದ.

ಅಷ್ಟರಲ್ಲಿ ಕರೆಂಟು ಹೋಯಿತು. ಬ್ಯಾಟರಿ ಕಿರುಚತೊಡಗಿತು. ದೊಡ್ಡವಳು ತಪ್ಪು ತನ್ನದೇ ಎಂಬಂತೆ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. ಪಕ್ಕದಲ್ಲಿ ತಂಗಿ ನಿಂತಿದ್ದಳು. ಅವಳ ಕೈ ಊರಿನಿಂದ ಬಂದ ಹೊಸ ಕೈ. ನಾನು ಯೋಚನೆ ಮಾಡಲಿಲ್ಲ. ಯೋಚನೆ ಮಾಡಲಿಲ್ಲ ಅಂತ ಎಷ್ಟೋ ವರ್ಷ ನನಗೇ ನಾನು ಹೇಳಿಕೊಂಡಿದ್ದೇನೆ. ಆದರೆ ಅದು ಪೂರ್ತಿ ನಿಜವಲ್ಲ. ಒಮ್ಮೆ ಬಾಗಿಲ ಕಡೆ ತಿರುಗಿ ಸೂಪರ್‌ವೈಸರ್ ಇಲ್ಲ ಅನ್ನುವುದನ್ನು ನೋಡಿಕೊಂಡೇ ಹೇಳಿದೆ.

"ನೀನೇ ಇಡು. ಅಕ್ಕನ ಬದಲು ನೀನು ಕೈ ಇಡು."

"ನಾನಾ ಇಡ್ಲೇನ್ರೀ?" ಅಂದಳು ಚಿಕ್ಕವಳು.

"ಹೂಂ, ಬೇಗ."

ಇಟ್ಟಳು. ನಾಲ್ಕು ಬೆರಳೂ ಹಸಿರು. ಬಲಗೈ ಹಸಿರು. ಹೆಬ್ಬೆರಳು ಹಸಿರು. ಕಣ್ಣಿನ ಯಂತ್ರವನ್ನು ಮಾತ್ರ ದೊಡ್ಡವಳೇ ಹಿಡಿದಳು. ನಾನು ನನ್ನ ಹೆಬ್ಬೆರಳು ಒತ್ತಿ ಚೀಟಿ ಹರಿದು ಕೊಟ್ಟೆ. ಅದಾದ ಮೇಲೆ ಚಿಕ್ಕವಳದೇ ಸರದಿ. ಅದೇ ಬೆರಳುಗಳು, ಈ ಸಲ ಅವಳದೇ ಹೆಸರಿಗೆ.

"ಈಗ ನಂದು ಯಾರ್ ಇಡ್ತಾರ್ರೀ?" ಅಂದು ಅವಳು ನಕ್ಕಳು. ನಾನೂ ನಕ್ಕೆ. ಇಬ್ಬರೂ ಚೀಟಿಗಳನ್ನು ಮಡಚಿ ಒಂದೇ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಹೋದರು.

ಭಯ ಬಂದದ್ದು ಸಂಜೆ, ಬಸ್ಸಿನಲ್ಲಿ. ಬೊಮ್ಮಸಂದ್ರ ದಾಟುವಾಗ ಇದ್ದಕ್ಕಿದ್ದಂತೆ ತರಬೇತಿಯ ಆ ಮಾತು ನೆನಪಾಯಿತು. ಬೇರೆ ಯಾವುದೋ ಊರಿನಲ್ಲಿ ಕೈ ಇಟ್ಟಿದ್ದರೆ ಅದು ಬೇರೆ ಮಾತು; ಇಲ್ಲಿ ಒಂದೇ ಯಂತ್ರದಲ್ಲಿ, ಐದು ನಿಮಿಷದ ಅಂತರದಲ್ಲಿ, ಒಂದೇ ಕೈ ಎರಡು ಹೆಸರಿಗೆ ಹೋಗಿತ್ತು. ಎರಡರ ಕೆಳಗೂ ನನ್ನ ಹೆಬ್ಬೆರಳಿತ್ತು. ಕಾಗದವಾಗಿದ್ದರೆ ಹರಿದು ಹಾಕಬಹುದಿತ್ತು. ಲ್ಯಾಪ್‌ಟಾಪಿನಿಂದ ಅದನ್ನು ಅಳಿಸುವುದು ನನ್ನ ಕೈಯಲ್ಲಿರಲಿಲ್ಲ. ಅವತ್ತಿನ ಅರ್ಜಿಗಳನ್ನೆಲ್ಲ ಸೂಪರ್‌ವೈಸರ್ ಆಗಲೇ ತೆಗೆದುಕೊಂಡು ಹೋಗಿದ್ದ.

ಮರುದಿನ ಅವನಿಗೆ ಹೇಳಿಬಿಡೋಣ ಅಂತ ಹೋದೆ. ಚಹಾ ಕುಡಿಯುತ್ತಾ ಅವನೇ ಒಂದು ಸುದ್ದಿ ಹೇಳಿದ. ಬೇರೆ ಕಡೆ ಒಬ್ಬ ಆಪರೇಟರ್ ಬೆರಳು ಬರದವರಿಗೆಲ್ಲ ತನ್ನದೇ ಬೆರಳು ಇಟ್ಟು ಕಳಿಸಿದ್ದನಂತೆ, ಸಿಕ್ಕಿಬಿದ್ದನಂತೆ, ಕೇಸ್ ಆಯಿತಂತೆ. "ಒಳಗೆ ಹಾಕ್ತಾರೆ ಕಣ್ರೀ, ತಮಾಷೆ ಅಲ್ಲ" ಅಂದ. ಅದು ನಿಜವೋ, ನಮ್ಮನ್ನು ಹೆದರಿಸಲು ಹೇಳಿದ್ದೋ ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ಬಾಯಿ ಮುಚ್ಚಿಕೊಂಡೆ.

ಅಲ್ಲಿಂದ ಮುಂದಿನ ತಿಂಗಳುಗಳು ಹೇಗೆ ಕಳೆದವೆಂದು ಹೇಳುವುದು ಕಷ್ಟ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತುತ್ತಿರಲಿಲ್ಲ. ಶಾಲೆಯ ಗೇಟಿನ ಮುಂದೆ ಜೀಪು ನಿಂತರೆ ಕೀಬೋರ್ಡಿನ ಮೇಲಿದ್ದ ಬೆರಳು ತಣ್ಣಗಾಗುತ್ತಿದ್ದವು. ಪ್ರತಿ ಅರ್ಜಿಯ ಕೊನೆಗೆ ಹೆಬ್ಬೆರಳು ಒತ್ತುವಾಗ ಈ ಸಲ ಯಂತ್ರ ನನ್ನನ್ನು ಒಪ್ಪುವುದಿಲ್ಲ, ಇವತ್ತಿಗೆ ಮುಗಿಯಿತು ಅನ್ನಿಸುತ್ತಿತ್ತು. ಊಟ ಸೇರುತ್ತಿರಲಿಲ್ಲ. ಅಮ್ಮ ಹಾಲು ಕರೆಯುತ್ತಾ ಕೇಳಿದಳು, "ಏನಾಯ್ತೇ ನಿಂಗೆ? ಕೆಲ್ಸುಕ್ಕೆ ಓಗಕ್ಕೆ ಮುಂಚೆ ಇಂಗಿರ್ಲಿಲ್ವಲ್ಲ. ಯಾರಾನ ಏನಾನ ಅಂದ್ರಾ?"

"ಏನಿಲ್ಲಮ್ಮ."

"ಇಲ್ಲ ಅಂದ್ರೆ ಮಕ ಯಾಕಂಗೆ ಬಿಳ್ಚಿಕೊಂಡದೆ?"

ಹೇಳಲಿಲ್ಲ. ಹೇಳಿದ್ದರೆ ಅವಳಿಗೂ ನಿದ್ದೆ ಹೋಗುತ್ತಿತ್ತು, ಅಷ್ಟೆ.

ಏನೂ ಆಗಲಿಲ್ಲ. ಕ್ಯಾಂಪ್ ಮುಗಿಯಿತು. ಏಜೆನ್ಸಿ ಬೇರೆ ಜಿಲ್ಲೆಗೆ ಹೋಯಿತು. ನಾನು ಎಲೆಕ್ಟ್ರಾನಿಕ್ ಸಿಟಿಯ ಹತ್ತಿರ ಒಂದು ಸೇವಾ ಕೇಂದ್ರದಲ್ಲಿ ಆಧಾರ್ ಕೌಂಟರಿಗೆ ಸೇರಿಕೊಂಡೆ. ಭಯ ಹೋಗಲಿಲ್ಲ, ಸಣ್ಣದಾಗಿ ಮೂಲೆಯಲ್ಲಿ ಕೂತಿತು. ಮೂರು ವರ್ಷ ಹಾಗೇ ಕಳೆದವು.

ಒಂದು ದಿನ ಕೌಂಟರಿನ ಮುಂದೆ ಒಬ್ಬಳು ಬಂದು ನಿಂತಳು. ಬಸುರಿ. ಕೈಯಲ್ಲಿ ಮಾಸಿದ ಪ್ಲಾಸ್ಟಿಕ್ ಕವರು. ಅದರೊಳಗಿಂದ ಮೂರು ಚೀಟಿಗಳನ್ನು ತೆಗೆದು ಸಾಲಾಗಿ ಇಟ್ಟಳು. ಮೂರೂ ತಿರಸ್ಕಾರವಾದ ಅರ್ಜಿಗಳು.

"ಮೂರು ಸಲ ಬರ್ಸೀನ್ರೀ ಮೇಡಂ. ಮೂರು ಸಲಾನೂ ಆಗೂದಿಲ್ಲಂತ ಬಂತು. ಯಾಕಂತ ಯಾರೂ ಹೇಳವಲ್ರು. ಔಷಧಿ ಕಂಪನ್ಯಾಗ ಪ್ಯಾಕಿಂಗ್ ಕೆಲಸಕ್ಕ ಹೊಂಟೀನಿ. ನಂಬರ್ ಇಲ್ಲಂದ್ರ ಗೇಟ್ ಪಾಸ್ ಇಲ್ಲ, ಇಎಸ್ಐ ಕಾರ್ಡೂ ಇಲ್ಲ ಅಂತಾರ. ಹೆರಿಗೆ ದವಾಖಾನಿಗೆ ಏನ್ ಮಾಡ್ಲಿ?"

ದನಿಯಿಂದಲೇ ಗೊತ್ತಾಯಿತು. ಚೀಟಿಯ ಮೇಲಿನ ಹೆಸರು ನೋಡುವ ಮೊದಲೇ ಗೊತ್ತಾಯಿತು. ಅವಳ ಬೆರಳನ್ನು ನಾನು ಅವಳ ಅಕ್ಕನಿಗೆ ಕೊಟ್ಟುಬಿಟ್ಟಿದ್ದೆ. ಅವಳು ಎಷ್ಟು ಸಲ ಬಂದರೂ ಆ ದೂರದ ಕಂಪ್ಯೂಟರ್ 'ಈ ಬೆರಳಿನವಳಿಗೆ ಆಗಲೇ ನಂಬರ್ ಕೊಟ್ಟಾಗಿದೆ' ಅನ್ನುತ್ತಿತ್ತು.

ಅವಳು ನನ್ನ ಮುಖವನ್ನೇ ನೋಡಿದಳು. "ನೀವು ಜಿಗಣಿ ಸಾಲ್ಯಾಗ ಇದ್ರಲ್ಲೇನ್ರೀ?"

"ಇಲ್ಲಮ್ಮ. ನಾನು ಅಲ್ಲಿಗೆ ಬಂದೇ ಇಲ್ಲ" ಅಂದೆ.

ಅಷ್ಟು ಸಲೀಸಾಗಿ ಸುಳ್ಳು ಬಂದದ್ದಕ್ಕೆ ನನಗೇ ಆಶ್ಚರ್ಯವಾಯಿತು. ಇದು ಇಲ್ಲಿ ಆಗುವುದಿಲ್ಲ, ಪೇಟೆಯಲ್ಲಿರುವ ದೊಡ್ಡ ಆಫೀಸಿಗೆ ಹೋಗಿ ವಿಚಾರಿಸು ಎಂದು ಹೇಳಿ ಕಳಿಸಿದೆ. ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಅವಳು ಓದು ಬಾರದವಳ ಹಾಗೆ ಆ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಕವರಿಗೆ ಹಾಕಿಕೊಂಡು ನಿಧಾನವಾಗಿ ಮೆಟ್ಟಿಲಿಳಿದು ಹೋದಳು. ಅವಳ ನಂತರ ಬಂದವರ ಹೆಸರನ್ನು ಮೂರು ಸಲ ತಪ್ಪಾಗಿ ಟೈಪ್ ಮಾಡಿದೆ.

ಎರಡು ವಾರದ ನಂತರ ಇಬ್ಬರೂ ಒಟ್ಟಿಗೆ ಬಂದರು. ಕೇಂದ್ರದ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದರು. ನನ್ನನ್ನು ಕಂಡು ದೊಡ್ಡವಳು ಎದ್ದು ನಿಂತಳು. ಮುಖ ಬಾಡಿಹೋಗಿತ್ತು. ಒಳಗೆ ಕರೆದು ಕೂರಿಸಿದೆ. ಬೇರೆ ಯಾರೂ ಇನ್ನೂ ಬಂದಿರಲಿಲ್ಲ.

ನಡೆದದ್ದು ಇಷ್ಟು. ದೊಡ್ಡವಳ ಕಾರ್ಡು ಅಂಚೆಯಲ್ಲಿ ಬಂದಿತ್ತು. ಮೂರು ವರ್ಷ ಅದರ ಜೆರಾಕ್ಸ್ ಕೊಟ್ಟೇ ಕೆಲಸ ನಡೆದಿತ್ತು, ಬೆರಳು ಯಾರೂ ಕೇಳಿರಲಿಲ್ಲ. ಈಗ ಮೊಬೈಲ್ ಅಂಗಡಿಗಳಿಗೆ ಬೆರಳಿನ ಯಂತ್ರ ಬಂದಿತ್ತು. ಹೊಸ ಸಿಮ್ ತೆಗೆದುಕೊಳ್ಳಲು ಇಬ್ಬರೂ ಹೋಗಿದ್ದರು. ಅಂಗಡಿಯವನು ದೊಡ್ಡವಳ ಹತ್ತೂ ಬೆರಳು ಇಡಿಸಿದ. ಒಂದೂ ಹೊಂದಲಿಲ್ಲ. ಆಗ ಚಿಕ್ಕವಳಿಗೆ ಹಳೆಯದು ನೆನಪಾಗಿ, "ನಾ ಇಟ್ ನೋಡ್ಲೇನ್ರೀ?" ಅಂದು ಇಟ್ಟಳು. ತಕ್ಷಣ ಒಪ್ಪಿಕೊಂಡಿತು. ಅಂಗಡಿಯವನ ಫೋನಿನ ಪರದೆಯ ಮೇಲೆ ಅಕ್ಕನ ಫೋಟೋ, ಅಕ್ಕನ ಹೆಸರು ಬಂದು ನಿಂತವು.

"ಅಂವ ಒದರಾಕ ಹತ್ತಿದ್ರೀ" ಅಂದಳು ದೊಡ್ಡವಳು. "ನೀವ್ ಎಲ್ಲಿಯವರು, ಡೂಪ್ಲಿಕೇಟ್ ಮಾಡೀರಿ, ಪೊಲೀಸರಿಗೆ ಫೋನ್ ಮಾಡ್ತೀನಿ ಅಂದ. ನಮ್ಮಿಬ್ಬರ ಫೋಟೋ ಹೊಡ್ಕೊಂಡ. ಮಂದಿ ಕೂಡಿತು. ನಾವು ಓಡಿ ಬಂದ್ವಿ. ಎರಡು ದಿನ ಆತು, ರೂಮಿನ ಬಾಗಲಾ ತಗದಿಲ್ಲ. ಕೆಲಸಕ್ಕೂ ಹೋಗಿಲ್ಲ."

ಚಿಕ್ಕವಳು ಗೋಡೆಗೆ ಒರಗಿ ಕೂತಿದ್ದಳು. ಕಾಲು ಊದಿಕೊಂಡಿದ್ದವು. ಹೊರಗೆ ಯಾವುದೋ ಬೈಕು ನಿಂತ ಸದ್ದಿಗೆ ಇಬ್ಬರೂ ಒಮ್ಮೆಲೇ ಬಾಗಿಲ ಕಡೆ ನೋಡಿದರು. ಆ ನೋಟ ನನಗೆ ಚೆನ್ನಾಗಿ ಪರಿಚಯವಿತ್ತು. ಮೂರು ವರ್ಷ ನಾನು ನೋಡುತ್ತಿದ್ದದ್ದು ಹಾಗೆಯೇ.

"ಒಂದ್ ಮಾತ್ ಕೇಳಾಕ ಬಂದೀವ್ರೀ" ಅಂದಳು ಚಿಕ್ಕವಳು, ನನ್ನನ್ನು ನೇರವಾಗಿ ನೋಡದೆ. "ನೀವಾ ಅಂತ ನನಗ ಅವತ್ತಾ ಗೊತ್ತಿತ್ತು. ಪೊಲೀಸರು ಬಂದು ಕೇಳಿದ್ರ ನಾವ್ ಏನ್ ಹೇಳ್ಬೇಕ್ರೀ? ನಿಮ್ಮ ಹೆಸರು ಹೇಳೂದಿಲ್ಲ ಬಿಡ್ರಿ. ಪಾಪ, ನೀವ್ ನಮಗ ಕಾರ್ಡ್ ಆಗ್ಲಿ ಅಂತ ಮಾಡಿದ್ರಿ. ಆದ್ರ ಮತ್ತ ಏನ್ ಹೇಳೂದು ಅಂತ ತಿಳಿವಲ್ದು. ಅದನ್ನ ನೀವಾ ಹೇಳಿಕೊಡ್ರಿ."

ಅವರು ಜಗಳಕ್ಕೆ ಬಂದಿದ್ದರೆ ನಾನು ಇನ್ನೊಂದು ಸುಳ್ಳು ಹೇಳುತ್ತಿದ್ದೆನೇನೋ. ಅವರು ಕೇಳಲು ಬಂದದ್ದು ನನ್ನನ್ನು ಉಳಿಸುವಂಥ ಒಂದು ಸುಳ್ಳನ್ನು. ನೀರು ಕುಡಿಯಲು ಲೋಟ ಎತ್ತಿಕೊಂಡು ಹಾಗೇ ಕೆಳಗಿಟ್ಟೆ.

"ಸುಳ್ಳು ಏನೂ ಹೇಳ್ಬೇಡಿ" ಅಂದೆ. "ತಪ್ಪು ನಂದು. ನಾನೇ ಬಂದು ಹೇಳ್ತೀನಿ. ನೀವು ನನ್ ಜೊತೆ ಆಫೀಸಿಗೆ ಬರ್ಬೇಕು ಅಷ್ಟೆ."

ಆಫೀಸು ಅನ್ನುವ ಮಾತಿಗೇ ಅವರು ಹೆದರಿದರು. ಒಪ್ಪಿಸಲು ಬಹಳ ಹೊತ್ತು ಬೇಕಾಯಿತು. ಇನ್ನೊಂದು ತೊಡಕೂ ಇತ್ತು. ಅಕ್ಕನ ದಾಖಲೆಯಿಂದ ತಂಗಿಯ ಬೆರಳನ್ನು ತೆಗೆಯಬೇಕಾದರೆ ಅಲ್ಲಿಗೆ ಅಕ್ಕನ ಬೆರಳು ಬರಬೇಕು. ಬರಲು ಅವಳ ಬೆರಳಲ್ಲಿ ಗೆರೆ ಎಲ್ಲಿದ್ದವು? ಕೌಂಟರಿನ ಯಂತ್ರದಲ್ಲಿ ಅಲ್ಲೇ ಇಡಿಸಿ ನೋಡಿದೆ. ಮೂರು ವರ್ಷದ ಹಿಂದಿನ ಹಾಗೆಯೇ, ಎಲ್ಲ ಕೆಂಪು.

ಇಂಥವರನ್ನು ನಾನು ಅಷ್ಟು ಹೊತ್ತಿಗೆ ಬಹಳ ಜನರನ್ನು ನೋಡಿದ್ದೆ. ಕೆಲಸ ಬಿಟ್ಟು ಕೈಗೆ ವಿರಾಮ ಕೊಟ್ಟರೆ ಗೆರೆಗಳು ಮತ್ತೆ ಏಳುತ್ತವೆ ಎಂದು ಗಾರೆ ಕೆಲಸದವರೇ ಹೇಳಿದ್ದರು. ಹಾಗೆಂದೆ. ದೊಡ್ಡವಳು ಶೆಡ್ಡಿಗೆ ಹುಷಾರಿಲ್ಲವೆಂದು ಹೇಳಿ ಕಳಿಸಿದಳು. ನೀರಿಗೆ, ಸೋಪಿಗೆ, ಪಾತ್ರೆಗೆ ಕೈ ಹಾಕಬಾರದು, ದಿನಾ ಕೊಬ್ಬರಿ ಎಣ್ಣೆ ಹಚ್ಚಬೇಕು ಎಂದು ಹೇಳಿದ್ದೆ. ಬಸುರಿ ತಂಗಿಯೇ ಅಡುಗೆ ಮಾಡಿ, ಪಾತ್ರೆ ತೊಳೆದು, ಬಟ್ಟೆ ಒಗೆದು ಅಕ್ಕನ ಕೈ ಕಾಪಾಡಿದಳು.

ಭಾನುವಾರ ನಾನು ಅವರ ರೂಮಿಗೆ ಹೋದೆ. ಜಿಗಣಿಯಲ್ಲಿ ಸಾಲಾಗಿ ಕಟ್ಟಿದ್ದ ಶೀಟಿನ ಮನೆಗಳಲ್ಲಿ ಒಂದು. ಜೊತೆಗೆ ಇಂಕ್ ಪ್ಯಾಡ್, ಬಿಳಿ ಕಾಗದ ಒಯ್ದಿದ್ದೆ. ಹೆಬ್ಬೆರಳು ಒತ್ತಿಸಿ ನೋಡಿದರೆ ನೀಲಿಯ ಒಂದು ಮುದ್ದೆ, ಗೆರೆ ಇಲ್ಲ. ಮುಂದಿನ ಭಾನುವಾರ ಮತ್ತೆ ಹೋದೆ. ಈ ಸಲ ಅಂಚಿನಲ್ಲಿ ಕೂದಲಿನಷ್ಟು ತೆಳ್ಳಗಿನ ಎರಡು ಮೂರು ಗೆರೆ ಮೂಡಿದ್ದವು. ಮೂವರೂ ಕಾಗದವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದೆವು. ದೊಡ್ಡವಳು ತನ್ನ ಬೆರಳನ್ನು ತಾನೇ ಮೊದಲ ಸಲ ನೋಡುವವಳ ಹಾಗೆ ಕಣ್ಣ ಹತ್ತಿರ ತಂದು ನೋಡಿಕೊಂಡಳು.

"ಬಂದಾವಲ್ಲೇನ್ರೀ?" ಅಂದಳು.

"ಬಂದಿವೆ. ಇನ್ನೊಂದು ವಾರ ಹೀಗೇ ಇರು."

ಆ ವಾರ ನನಗೆ ನಿದ್ದೆ ಬರಲಿಲ್ಲ. ಹೋಗುವ ಹಿಂದಿನ ದಿನ ಅಮ್ಮನಿಗೆ ಎಲ್ಲ ಹೇಳಿದೆ. ಬಯ್ಯುತ್ತಾಳೆ ಅಂದುಕೊಂಡಿದ್ದೆ. ಅವಳು ಹಸುವಿನ ಬೆನ್ನ ಮೇಲೆ ಕೈಯಿಟ್ಟು ನಿಂತೇ ಕೇಳಿಸಿಕೊಂಡಳು. "ಅದುಕ್ಕಾ ಮೂರು ವರ್ಸ ಒಬ್ಬಳೇ ಇಂಗೆ ಒಣಗೋದೆ?" ಅಂದಳು. ಆಮೇಲೆ, "ಜೈಲಿಗೆ ಆಕ್ತಾರೇನೇ?" ಎಂದು ಬಹಳ ಸಣ್ಣ ದನಿಯಲ್ಲಿ ಕೇಳಿದಳು.

"ಗೊತ್ತಿಲ್ಲಮ್ಮ" ಅಂದೆ. ಅದು ನಿಜವಾದ ಉತ್ತರವಾಗಿತ್ತು.

ಮೂವರೂ ಬಸ್ಸಿನಲ್ಲಿ ಪೇಟೆಗೆ ಹೋದೆವು. ಆಫೀಸಿನಲ್ಲಿ ತಣ್ಣನೆಯ ದೊಡ್ಡ ಹಾಲ್, ಸಾಲು ಕುರ್ಚಿಗಳು, ಟೋಕನ್ ನಂಬರ್ ಕೂಗುವ ಯಂತ್ರ. ಬಾಗಿಲಲ್ಲಿ ಖಾಕಿ ಸಮವಸ್ತ್ರದವನನ್ನು ಕಂಡು ಚಿಕ್ಕವಳು ನನ್ನ ಮೊಣಕೈ ಹಿಡಿದುಕೊಂಡಳು. ಅವನು ಸೆಕ್ಯುರಿಟಿ ಗಾರ್ಡ್, ಪೊಲೀಸ್ ಅಲ್ಲ ಎಂದು ಹೇಳಿದರೂ ಕೈ ಬಿಡಲಿಲ್ಲ. ನಾನು ಅವಳಿಗೆ ಧೈರ್ಯ ಹೇಳುತ್ತಿದ್ದೇನೆಂದು ನೋಡಿದವರಿಗೆ ಅನ್ನಿಸಿರಬೇಕು. ನಿಜವಾಗಿ ಅವಳು ಹಿಡಿದುಕೊಂಡಿರದಿದ್ದರೆ ನಾನು ಮೆಟ್ಟಿಲಿಳಿದು ಓಡಿಬಿಡುತ್ತಿದ್ದೆ.

ಒಳಗಿನ ಕೋಣೆಯಲ್ಲಿದ್ದ ಅಧಿಕಾರಿ ಐವತ್ತರ ವಯಸ್ಸಿನ ಹೆಂಗಸು. ನಾನು ರಾತ್ರಿಯೆಲ್ಲ ಮನಸ್ಸಿನಲ್ಲೇ ಹೇಳಿಕೊಂಡಿದ್ದ ಮಾತುಗಳು ಬಾಯಿಗೆ ಬರಲಿಲ್ಲ. "ಮೇಡಂ, ಇವರ ಬೆರಳು ಇವರ ಹೆಸರಲ್ಲಿದೆ, ನಾನೇ ಮಾಡಿದ್ದು" ಎಂದು ತೊದಲಿದೆ. ಅವರು ಪೆನ್ನು ಕೆಳಗಿಟ್ಟು ಮೊದಲಿನಿಂದ ಹೇಳುವಂತೆ ಕೇಳಿದರು. ಹೇಳಿದೆ.

"ಯಾಕೆ ಮಾಡಿದ್ರಿ?"

"ಬೆರಳು ಬರ್ಲಿಲ್ಲ ಮೇಡಂ. ಸಾಲು ಉದ್ದ ಇತ್ತು. ಕೆಂಪು ಕಳ್ಸಬೇಡಿ ಅಂದಿದ್ರು."

"ಹಾಗೇ ಮುಂದೆ ಕಳ್ಸಬಹುದು ಅಂತ ನಿಮಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು."

ಇನ್ನೇನು ಫೋನ್ ಎತ್ತಿ ಯಾರನ್ನೋ ಕರೆಯುತ್ತಾರೆ ಅಂದುಕೊಂಡೆ. ಫೋನ್ ಎತ್ತಿದರು. ಅವರು ಕರೆದದ್ದು ಒಬ್ಬ ಆಪರೇಟರನ್ನು.

"ಈ ಅಕ್ಕನ ಕಣ್ಣು ಮೊದ್ಲು ನೋಡಿ" ಅಂದರು ಅವನಿಗೆ. ದೊಡ್ಡವಳು ಯಂತ್ರವನ್ನು ಕಣ್ಣಿಗೆ ಹಿಡಿದಳು. ಅದು ಅಲುಗಾಡದಂತೆ ತಂಗಿ ಹಿಂದಿನಿಂದ ಹಿಡಿದುಕೊಂಡಳು. ಎರಡು ಸಲ ಆಗಲಿಲ್ಲ. ಮೂರನೇ ಸಲ ಆಪರೇಟರ್ ತಲೆಯಾಡಿಸಿದ. "ಮ್ಯಾಚ್ ಆಯ್ತು ಮೇಡಂ. ದಾಖಲೆಯಲ್ಲಿರೋದು ಇವರದೇ ಕಣ್ಣು."

ನಾನು ಅವತ್ತು ಅವಸರದಲ್ಲಿ ಕಣ್ಣನ್ನೂ ತಂಗಿಯದೇ ತೆಗೆದಿದ್ದರೆ ಅವಳು ಅವಳೇ ಎಂದು ಹೇಳಲು ಏನೂ ಉಳಿಯುತ್ತಿರಲಿಲ್ಲ.

ಆಮೇಲೆ ಬೆರಳು. ನಾಲ್ಕೈದು ಬೆರಳು ಹಸಿರಾದವು. ಉಳಿದವು ಕೆಂಪಾಗಿಯೇ ಉಳಿದವು. ಅಷ್ಟು ಸಾಕು ಅಂದರು. ಅಕ್ಕನ ದಾಖಲೆ ಬದಲಾದ ಮೇಲೆ ತಂಗಿ ಹೊಸ ಅರ್ಜಿ ಹಾಕಬೇಕು, ಆ ಅರ್ಜಿಯನ್ನು ನಾನು ಮುಟ್ಟಬಾರದು ಅಂದರು. ನನ್ನ ಕೈಗೆ ಒಂದು ಬಿಳಿ ಹಾಳೆ ಕೊಟ್ಟರು. ನಡೆದದ್ದನ್ನು ನಡೆದ ಹಾಗೆ ಬರೆದು ಸಹಿ ಹಾಕಿದೆ.

"ಇದನ್ನ ನಾನು ಮೇಲಕ್ಕೆ ಕಳಿಸ್ಲೇಬೇಕು" ಅಂದರು. "ಏನಾಗತ್ತೆ ಅಂತ ನಾನು ಹೇಳೋಕಾಗಲ್ಲ. ನೀವು ಬಂದು ಹೇಳಿದ್ರಿ ಅನ್ನೋದನ್ನೂ ಬರೀತೀನಿ." ಹೊರಡುವಾಗ ಚಿಕ್ಕವಳ ಹೊಟ್ಟೆ ನೋಡಿ, "ಎಷ್ಟು ತಿಂಗಳಮ್ಮ?" ಎಂದು ಕೇಳಿದರು. "ಏಳ್ರೀ" ಅಂದಳು. "ಹೆರಿಗೆಯೊಳಗೆ ನಂಬರ್ ಆಗತ್ತೆ, ಹೋಗು" ಅಂದರು.

ಅಷ್ಟರೊಳಗೆ ಆಗಲಿಲ್ಲ. ಅಕ್ಕನ ದಾಖಲೆ ಬದಲಾಗಲು ಹಿಡಿದ ದಿನಗಳಿಂದಾಗಿ ತಂಗಿಯ ಅರ್ಜಿ ತಡವಾಯಿತು. ಕಂಪನಿಯವರು ಅವಳನ್ನು ಗೇಟಿನಿಂದ ವಾಪಸು ಕಳಿಸಿದರು. ಹೆರಿಗೆ ಆನೇಕಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಆಯಿತು. ಹೆಣ್ಣು ಮಗು. ಅದು ಹುಟ್ಟಿ ಹತ್ತು ಹನ್ನೆರಡು ದಿನಕ್ಕೆ ಅವಳಿಂದ ಫೋನ್ ಬಂತು. ಮೊಬೈಲಿಗೆ ಸಂದೇಶ ಬಂದಿದೆ, ಪಕ್ಕದ ಮನೆಯವರಿಂದ ಓದಿಸಿದೆ ಎಂದು ಒಂದೇ ಉಸಿರಿಗೆ ಹೇಳಿ, ತಾನು ಬಾಯಿಪಾಠ ಮಾಡಿಕೊಂಡಿದ್ದ ಹನ್ನೆರಡು ಅಂಕಿಗಳನ್ನು ಒಂದೊಂದಾಗಿ ಹೇಳತೊಡಗಿದಳು.

"ಬೇಡ, ಬೇಡ, ಹೇಳ್ಬೇಡ" ಎಂದು ನಾನು ಕೂಗಿದೆ. "ನಂಬರ್ ಯಾರಿಗೂ ಹೇಳ್ಬಾರ್ದು."

"ನಿಮಗಷ್ಟ ಹೇಳಾಕತ್ತೀನ್ರೀ" ಅಂದಳು. ಹಿಂದೆ ಮಗು ಅಳುತ್ತಿತ್ತು. ಕೊನೆಯ ನಾಲ್ಕು ಅಂಕಿಗಳನ್ನು ಹೇಳಿಯೇ ಬಿಟ್ಟಳು.

ಔಷಧಿ ಕಂಪನಿ ಅವಳನ್ನು ಮತ್ತೆ ತೆಗೆದುಕೊಳ್ಳಲಿಲ್ಲ. ಆರೇಳು ತಿಂಗಳಾದ ಮೇಲೆ ಬೊಮ್ಮಸಂದ್ರದ ಒಂದು ಗಾರ್ಮೆಂಟ್ಸಿಗೆ ಸೇರಿದಳು. ಅಕ್ಕ ಮಾತ್ರ ಅದೇ ಕಲ್ಲಿನ ಶೆಡ್ಡಿಗೆ ವಾಪಸಾದಳು. ಬೇರೆ ಏನು ಕೆಲಸ ಬರುತ್ತಿತ್ತು ಅವಳಿಗೆ? ಬೆರಳು ಮತ್ತೆ ಸವೆದಿರುತ್ತವೆ, ಮುಂದೆ ಯಾರಾದರೂ ಬೆರಳು ಕೇಳಿದರೆ ಕಣ್ಣು ನೋಡಿ ಅನ್ನಬೇಕು ಎಂದು ಅವಳಿಗೆ ಹೇಳಿಕೊಟ್ಟೆ.

ನನ್ನ ಮನೆಗೆ ರಿಜಿಸ್ಟರ್ಡ್ ಪೋಸ್ಟ್ ಬಂದದ್ದು ಮಳೆಗಾಲದಲ್ಲಿ. ಅಮ್ಮ ಸಹಿ ಹಾಕಿ ತೆಗೆದುಕೊಂಡಿದ್ದಳು. ಲಕೋಟೆ ಒಡೆಯಲು ನನಗೆ ಧೈರ್ಯ ಬರಲಿಲ್ಲ, ದಿನವಿಡೀ ಟಿವಿಯ ಮೇಲೆಯೇ ಇತ್ತು. ಸಂಜೆ ಅಮ್ಮ ಅದನ್ನು ತಂದು ನನ್ನ ಮಡಿಲಿಗೆ ಹಾಕಿ, "ಒಡಿ. ಒಳಗೇನೈತೋ ಅದೇ ಇರ್ತದೆ" ಅಂದಳು. ನನ್ನ ಆಪರೇಟರ್ ಗುರುತು ರದ್ದಾಗಿದೆ, ಇನ್ನು ಮುಂದೆ ಯಾವ ಕೇಂದ್ರದಲ್ಲೂ ನೋಂದಣಿ ಕೆಲಸ ಮಾಡುವಂತಿಲ್ಲ ಎಂದಿತ್ತು. ಪೊಲೀಸಿನ ಮಾತು ಇರಲಿಲ್ಲ. ಮೂರು ಸಲ ಓದಿದೆ, ಎಲ್ಲಾದರೂ ಬಿಟ್ಟುಹೋಗಿದೆಯೇನೋ ಎಂದು ಹಿಂದುಗಡೆ ತಿರುಗಿಸಿಯೂ ನೋಡಿದೆ. ಅಮ್ಮನಿಗೆ ಓದಿ ಹೇಳಿದೆ. ಅವಳು ನೆಲದ ಮೇಲೆ ಕೂತುಬಿಟ್ಟಳು.

ಕೌಂಟರಿನಲ್ಲಿ ಮರುದಿನವೇ ಬೇರೆ ಹುಡುಗಿ ಬಂದಳು. ನಾನು ಹೊಸೂರು ರಸ್ತೆಯ ಒಂದು ಕೊರಿಯರ್ ಆಫೀಸಿನಲ್ಲಿ ಬಿಲ್ ಬರೆಯುವ ಕೆಲಸಕ್ಕೆ ಸೇರಿದೆ. ಅದಾಗಿ ಎಷ್ಟೋ ದಿನವಾದರೂ ಗೊತ್ತಿಲ್ಲದ ನಂಬರಿನ ಫೋನ್ ಎತ್ತುವ ಮೊದಲು ಎರಡು ರಿಂಗ್ ಬಿಡುತ್ತಿದ್ದೆ. ಒಮ್ಮೆ ಹಾಗೆ ಎತ್ತಿದಾಗ ಅತ್ತ ಕಡೆಯಿಂದ ದೊಡ್ಡವಳ ದನಿ. ತಂಗಿಯ ಮಗಳಿಗೆ ಮೊದಲ ಹುಟ್ಟುಹಬ್ಬ, ಊರಿನಿಂದ ಯಾರೂ ಬರುತ್ತಿಲ್ಲ, ನೀವಾದರೂ ಬರಬೇಕು ಅಂದಳು. ಭಾನುವಾರ ಅಮ್ಮ ಕೊಟ್ಟ ತುಪ್ಪದ ಡಬ್ಬಿ ಹಿಡಿದುಕೊಂಡು ಜಿಗಣಿ ಬಸ್ಸು ಹತ್ತಿದೆ.